ಬೇಸಿಗೆಯಲ್ಲಿ ಮಧ್ಯಾಹ್ನದ ಥಿಯರಿ ತರಗತಿಗಳು ಆನ್‌ಲೈನ್ ಆಗಬೇಕೇ? ವೈದ್ಯಕೀಯ ವಿದ್ಯಾರ್ಥಿಗಳ ಅಭಿಪ್ರಾಯ ಬೇಕು

ಭೀಮಾತೀರ (ಎಂಬಿಬಿಎಸ್ ಎರಡನೇ ವರ್ಷ, ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ ಎಂಬುದು ನಿಮಗೆಲ್ಲ ಗೊತ್ತಿದೆ. ನಮ್ಮ ಕಾಲೇಜಿನ ವೇಳಾಪಟ್ಟಿ ಮಾತ್ರ ಬಿಸಿಲಿಗೆ ಬದಲಾಗುವುದಿಲ್ಲ. ಬೆಳಿಗ್ಗೆ 8ಕ್ಕೆ ಒಂದು ಥಿಯರಿ, ಆಮೇಲೆ ವಾರ್ಡ್ ಪೋಸ್ಟಿಂಗ್ (ಆಸ್ಪತ್ರೆಯಲ್ಲಿ ರೋಗಿಗಳ ಬಳಿ ಕಲಿಕೆ), ಊಟದ ನಂತರ ಮತ್ತೆ ಥಿಯರಿ ಅಥವಾ ಪ್ರಾಕ್ಟಿಕಲ್, ಹೀಗೆ ಸಂಜೆ 4ರವರೆಗೆ ನಡೆಯುತ್ತದೆ. ಈ ಬಾರಿ ಹೊಸ ಪ್ರಸ್ತಾವವೊಂದು ಬಂದಿದೆ. ಪ್ರಾಕ್ಟಿಕಲ್ ಇಲ್ಲದ ದಿನಗಳಲ್ಲಿ ಮಧ್ಯಾಹ್ನದ ಪೆಥಾಲಜಿ (ರೋಗಶಾಸ್ತ್ರ), ಫಾರ್ಮಕಾಲಜಿ (ಔಷಧಶಾಸ್ತ್ರ) ಮತ್ತು ಮೈಕ್ರೊಬಯಾಲಜಿ (ಸೂಕ್ಷ್ಮಜೀವಿಶಾಸ್ತ್ರ) ಥಿಯರಿಯನ್ನು ಆನ್‌ಲೈನ್‌ನಲ್ಲಿ ನಡೆಸುವುದು, ಅದು ಸರಿಹೋದರೆ ಬೇಸಿಗೆ ಮುಗಿದ ಮೇಲೂ ಮುಂದುವರಿಸುವುದು ಎಂಬ ಆಲೋಚನೆ ಇದೆ. ವಿದ್ಯಾರ್ಥಿಗಳ ಅಭಿಪ್ರಾಯವನ್ನು ಬರಹದಲ್ಲಿ ಕೊಡುವಂತೆ ತರಗತಿ ಪ್ರತಿನಿಧಿಗಳಿಗೆ ಹೇಳಿದ್ದಾರೆ.

ನಮ್ಮ ಬ್ಯಾಚಿನಲ್ಲಿ ಕೈ ಎತ್ತಿಸಿ ಕೇಳಿದರೆ ಹೆಚ್ಚಿನವರು ಆನ್‌ಲೈನ್ ಬೇಕೆನ್ನುತ್ತಾರೆ. ಆದರೆ ಅದೇ ಗೆಳೆಯರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಮಾತನಾಡಿಸಿದಾಗ ಉತ್ತರ ಅಷ್ಟು ನೇರವಾಗಿ ಬರುವುದಿಲ್ಲ. ಆದ್ದರಿಂದ ಬೇಕು, ಬೇಡ ಎಂದು ಹೇಳಿ ನಿಲ್ಲಿಸದೆ ನಿಮ್ಮ ಕಾರಣವನ್ನು ಬಿಡಿಸಿ ಬರೆಯಬೇಕೆಂದು ವಿನಂತಿಸುತ್ತೇನೆ. ಕೊರೊನಾ ಕಾಲದಲ್ಲಿ ಓದಿದ ಸೀನಿಯರ್‌ಗಳ ಅನುಭವ ನನಗೆ ವಿಶೇಷವಾಗಿ ಬೇಕಾಗಿದೆ.

ಹಿಂದಿನ ಬೆಂಚು

ನಾನು ಆನ್‌ಲೈನ್ ಪರ, ಮತ್ತು ಸೋಮಾರಿತನದಿಂದ ಹೀಗೆ ಹೇಳುತ್ತಿಲ್ಲ. 150 ಜನ ಕೂರುವ ಹಾಲ್‌ನಲ್ಲಿ ಕೊನೆಯ ಸಾಲಿಗೆ ಸ್ಲೈಡಿನ ಅಕ್ಷರ ಕಾಣುವುದಿಲ್ಲ, ಮೈಕ್ ಕೆಟ್ಟ ದಿನ ಮಾತೂ ಕೇಳುವುದಿಲ್ಲ. ಫಾರ್ಮಕಾಲಜಿಯ ಆಟೊನಾಮಿಕ್ (ತಾನಾಗಿಯೇ ಕೆಲಸ ಮಾಡುವ) ನರಮಂಡಲದ ಪಾಠವನ್ನು ಒಂದೇ ಸಲ ಕೇಳಿ ಯಾರಿಗೆ ಅರ್ಥವಾಗುತ್ತದೆ? ರೆಕಾರ್ಡ್ ಆದ ಪಾಠವಾದರೆ ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು, ಯಾವ ರಿಸೆಪ್ಟರ್ (ಔಷಧ ಅಂಟಿಕೊಳ್ಳುವ ಜಾಗ) ಎಲ್ಲಿದೆ ಎಂದು ಚಿತ್ರ ಬರೆದುಕೊಂಡು ಮುಂದುವರಿಯಬಹುದು. ನಮ್ಮಲ್ಲಿ ಬಹುತೇಕರು ಈಗಾಗಲೇ ಸಂಜೆ ಹಾಸ್ಟೆಲ್‌ನಲ್ಲಿ ಕುಳಿತು ಹಣ ಕೊಟ್ಟ ಆ್ಯಪ್‌ಗಳಲ್ಲಿ ಅದೇ ವಿಷಯವನ್ನು ಮತ್ತೆ ಕೇಳುತ್ತಿದ್ದಾರೆ. ಹಗಲಿನ ಪಾಠ ಹಾಜರಾತಿಗೆ, ರಾತ್ರಿಯ ಪಾಠ ಕಲಿಕೆಗೆ ಎಂದಾಗಿರುವಾಗ, 42 ಡಿಗ್ರಿ ಬಿಸಿಲಿನಲ್ಲಿ ನಡೆಸಿಕೊಂಡು ಹೋಗಿ ಹಾಲ್‌ನಲ್ಲಿ ಕೂರಿಸುವುದರಿಂದ ಯಾರಿಗೆ ಲಾಭ?

ನೆಟ್‌ವರ್ಕ್ ಸಿಗದ ಊರು

ಮೊದಲು ಹಾಸ್ಟೆಲ್ ವೈಫೈ ಸರಿಪಡಿಸಲಿ, ಆನ್‌ಲೈನ್ ಬಗ್ಗೆ ಆಮೇಲೆ ಮಾತನಾಡೋಣ.

ಕಾರಂಜಾ (ವೈದ್ಯೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಬೀದರ್ ಜಿಲ್ಲೆ)

ತಮ್ಮಾ, ನಾವು 2019ರಲ್ಲಿ ಸೇರಿದವರು. ಸಾಮರ್ಥ್ಯ ಆಧಾರಿತ ಹೊಸ ಪಠ್ಯಕ್ರಮದ ಮೊದಲ ಬ್ಯಾಚ್ ನಮ್ಮದು, ಕೊರೊನಾ ಬಂದಾಗ ಶವಗಳನ್ನು ಬಿಡಿಸಿ ಕಲಿಯುವ ಡಿಸೆಕ್ಷನ್ ಹಾಲ್‌ನಿಂದ ಎದ್ದು ಊರಿಗೆ ಹೊರಟ ಬ್ಯಾಚೂ ನಮ್ಮದೇ. ದೇಶದ ಮೊದಲ ಕೊರೊನಾ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯಲ್ಲಿ ಆದದ್ದರಿಂದ ಈ ಭಾಗದಲ್ಲಿ ಭಯವೂ ಗಡಿಬಿಡಿಯೂ ಉಳಿದ ಕಡೆಗಿಂತ ಮೊದಲೇ ಶುರುವಾಗಿದ್ದವು.

ಆಮೇಲೆ ಪರದೆಯ ಮೇಲೆ ಅನಾಟಮಿ ಕಲಿತೆವು. ಪಾಠ ಕೆಟ್ಟದ್ದಾಗಿತ್ತು ಎಂದು ನಾನು ಹೇಳುವುದಿಲ್ಲ. ಬ್ರೇಕಿಯಲ್ ಪ್ಲೆಕ್ಸಸ್ (ತೋಳಿಗೆ ಹೋಗುವ ನರಗಳ ಜಾಲ) ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬರೆಯುವಷ್ಟು ಚೆನ್ನಾಗಿ ಹೇಳಿಕೊಟ್ಟರು. ಆದರೆ ಅಟ್ಲಾಸಿನಲ್ಲಿ ನರ ಹಳದಿ, ಅಪಧಮನಿ ಕೆಂಪು, ಅಭಿಧಮನಿ ನೀಲಿ. 2020ರ ಡಿಸೆಂಬರ್‌ನಲ್ಲಿ ಕಾಲೇಜು ಮತ್ತೆ ತೆರೆದು ಮೇಜಿನ ಮುಂದೆ ನಿಂತಾಗ ಎಲ್ಲವೂ ಒಂದೇ ಮಾಸಲು ಬಣ್ಣದಲ್ಲಿತ್ತು. ಕೊಬ್ಬನ್ನು ಬಿಡಿಸಿ, ಎದೆಯ ಪೆಕ್ಟೊರಾಲಿಸ್ ಮೈನರ್ ಸ್ನಾಯುವನ್ನು ಎತ್ತಿ, ಕಂಕುಳಿನ ಆಕ್ಸಿಲರಿ ಅಪಧಮನಿಯ ಸುತ್ತ ಆ ಜಾಲದ ಮೂರು ನರದ ಕಾರ್ಡ್‌ಗಳು ಹೇಗೆ ತಬ್ಬಿಕೊಂಡಿವೆ ಎಂದು ಬೆರಳಿನಿಂದ ಹುಡುಕಬೇಕಾಗಿತ್ತು. ಆ ಹುಡುಕಾಟಕ್ಕೆ ನಮಗೆ ಸಿಕ್ಕ ಸಮಯ ಬಹಳ ಕಡಿಮೆ.

ನಿಮ್ಮ ಕಾಲೇಜು ಪ್ರಾಕ್ಟಿಕಲ್‌ಗಳನ್ನು ಮುಟ್ಟುತ್ತಿಲ್ಲ ಎಂಬುದು ಸಮಾಧಾನದ ಸಂಗತಿ. ಆದರೂ ಒಂದು ಎಚ್ಚರಿಕೆ ಹೇಳುತ್ತೇನೆ. ನಮ್ಮ ಕಾಲದಲ್ಲಿ ಆನ್‌ಲೈನ್ ತರಗತಿಗಳನ್ನು ಮೆಚ್ಚಿಕೊಂಡವರೆಲ್ಲ ಮೊದಮೊದಲು ಶ್ರದ್ಧೆಯಿಂದ ಕೇಳಿದವರೇ. ತಿಂಗಳು ಕಳೆದ ಹಾಗೆ ಲಾಗಿನ್ ಆಗಿ ಫೋನನ್ನು ದಿಂಬಿನ ಪಕ್ಕಕ್ಕಿಟ್ಟು ಮಲಗುವುದು ಸಾಮಾನ್ಯವಾಯಿತು. ರೆಕಾರ್ಡಿಂಗ್ ಇದೆಯಲ್ಲ, ನಾಳೆ ನೋಡೋಣ ಎಂದುಕೊಂಡ ಪಾಠಗಳು ಇಂಟರ್ನಲ್ಸ್ (ಕಾಲೇಜಿನ ಆಂತರಿಕ ಪರೀಕ್ಷೆ) ಹಿಂದಿನ ರಾತ್ರಿಗೆ ರಾಶಿಯಾಗಿ ಬಿದ್ದಿರುತ್ತಿದ್ದವು.

ಹಿಂದಿನ ಬೆಂಚು

ಅಕ್ಕಾ, ನಿಮ್ಮ ಮಾತಿಗೆ ಗೌರವವಿದೆ. ಆದರೆ ಅದು ಒತ್ತಾಯದಿಂದ ಬಂದ ಆನ್‌ಲೈನ್ ಆಗಿತ್ತು. ಶಿಕ್ಷಕರಿಗೂ ಸಿದ್ಧತೆ ಇರಲಿಲ್ಲ, ಊರಿನಲ್ಲಿ ಸಾವು ನೋವು ಬೇರೆ. ಅದನ್ನು ಆಧಾರವಾಗಿಟ್ಟುಕೊಂಡು ಯೋಜಿತವಾದ ಆನ್‌ಲೈನ್ ಪಾಠವನ್ನು ತೂಗುವುದು ನ್ಯಾಯವಲ್ಲ.

ಪಟ್ಟಿ ನೋಡಿದವನು

ಎಲ್ಲರೂ ಮರೆತ ವಿಷಯವೆಂದರೆ ಹಾಜರಾತಿ. ಶೇ 75 ಇಲ್ಲದಿದ್ದರೆ ವಿಶ್ವವಿದ್ಯಾಲಯ ಪರೀಕ್ಷೆಗೆ ಕೂರಿಸುವುದಿಲ್ಲ.

ಕಾರಂಜಾ

ಶೇ 75 ಥಿಯರಿಗೆ. ಪ್ರಾಕ್ಟಿಕಲ್ ಮತ್ತು ಕ್ಲಿನಿಕಲ್‌ಗೆ ಶೇ 80 ಬೇಕು. ಎರಡನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತಾರೆ. ಆದ್ದರಿಂದ ಆನ್‌ಲೈನ್ ತರಗತಿಯ ಹಾಜರಾತಿಯನ್ನು ಆ ಶೇ 75ರೊಳಗೆ ಹೇಗೆ ಸೇರಿಸುತ್ತಾರೆ ಎಂಬುದನ್ನು ಒಪ್ಪಿಗೆ ಕೊಡುವ ಮೊದಲೇ ಲಿಖಿತವಾಗಿ ಪಡೆದುಕೊಳ್ಳಿ. ನೆಟ್ ಹೋಗಿ ಅರ್ಧ ತರಗತಿಗೆ ಹೊರಬಿದ್ದವನು ಹಾಜರೋ ಗೈರುಹಾಜರೋ ಎಂಬ ಪ್ರಶ್ನೆ ವರ್ಷದ ಕೊನೆಗೆ ಬಹಳ ದೊಡ್ಡದಾಗುತ್ತದೆ.

ಸಗರನಾಡು (ಎರಡನೇ ವರ್ಷ)

ನಾನು ಸುರಪುರ ತಾಲೂಕಿನ ಹಳ್ಳಿಯವಳು. ಯಾರೂ ಹೇಳದ ಮಾತೊಂದನ್ನು ಹೇಳಬೇಕಾಗಿದೆ. ವಾರದಲ್ಲಿ ಕೆಲವು ಮಧ್ಯಾಹ್ನ ಆನ್‌ಲೈನ್ ಎಂದಾದರೆ ವಾರಾಂತ್ಯದ ಆಸುಪಾಸಿನ ದಿನಗಳಲ್ಲಿ ಬಹಳಷ್ಟು ಹುಡುಗಿಯರನ್ನು ಮನೆಯವರು ಊರಿಗೆ ಕರೆಸಿಕೊಳ್ಳುತ್ತಾರೆ. ಹುಡುಗ ಮನೆಗೆ ಬಂದು ಫೋನ್ ಮುಂದೆ ಕುಳಿತರೆ ಅವನು ಓದುತ್ತಿದ್ದಾನೆ ಎನ್ನುತ್ತಾರೆ, ಮಗಳು ಕುಳಿತರೆ ಕೈ ಖಾಲಿ ಇದೆ ಎಂದುಕೊಳ್ಳುತ್ತಾರೆ. ರೊಟ್ಟಿ ಬಡಿಯುವುದು, ಬಂದವರಿಗೆ ಚಹಾ ಮಾಡುವುದು, ಅಜ್ಜಿಯನ್ನು ನೋಡಿಕೊಳ್ಳುವುದು ಎಲ್ಲವೂ ತರಗತಿಯ ನಡುವೆಯೇ ಬರುತ್ತವೆ. ಊರಿನವರು ತಮ್ಮ ರಕ್ತಪರೀಕ್ಷೆಯ ವರದಿಗಳನ್ನು ಹಿಡಿದುಕೊಂಡು ಬಂದು ಕೂರುತ್ತಾರೆ. ಎರಡನೇ ವರ್ಷದವಳಿಗೆ ಇವೆಲ್ಲ ಇನ್ನೂ ಗೊತ್ತಿಲ್ಲ ಎಂದರೆ ನಂಬುವುದಿಲ್ಲ.

ನಾನು ನೀಟ್‌ಗೆ ಓದಿದ್ದು ಆನ್‌ಲೈನ್‌ನಲ್ಲಿ, ಮನೆಯ ಒಂದೇ ಸ್ಮಾರ್ಟ್‌ಫೋನ್‌ನಲ್ಲಿ, ಎಲ್ಲರೂ ಮಲಗಿದ ಮೇಲೆ. ಆನ್‌ಲೈನ್ ಇಲ್ಲದಿದ್ದರೆ ನನಗೆ ಈ ಸೀಟೇ ಸಿಗುತ್ತಿರಲಿಲ್ಲ. ಅದರ ಉಪಕಾರವನ್ನು ನಾನು ಎಂದಿಗೂ ಅಲ್ಲಗಳೆಯುವುದಿಲ್ಲ. ಆದರೆ ಈಗ ನನಗೆ ಓದಲು ಸಿಕ್ಕಿರುವ ಜಾಗವೆಂದರೆ ಆ ಲೆಕ್ಚರ್ ಹಾಲ್, ಆ ಲೈಬ್ರರಿ ಮತ್ತು ಆ ಹಾಸ್ಟೆಲ್. ಅಲ್ಲಿಂದ ನನ್ನನ್ನು ಮನೆಗೆ ಕಳುಹಿಸುವ ಯಾವ ವ್ಯವಸ್ಥೆಗೂ ನಾನು ಸಹಿ ಹಾಕುವುದಿಲ್ಲ.

ಮೈಸೂರಿನಿಂದ ಬಂದವಳು

ಸಗರನಾಡು ಹೇಳಿದ್ದನ್ನು ಓದಿ ಮನಸ್ಸಿಗೆ ತಟ್ಟಿತು. ನನ್ನ ಸ್ಥಿತಿ ಬೇರೆ, ತೀರ್ಮಾನ ಮಾತ್ರ ಅದೇ. ನಾನು ಊರಿಗೆ ಹೋಗಲು ಒಂದು ಇಡೀ ರಾತ್ರಿ ರೈಲಿನಲ್ಲಿ ಕಳೆಯಬೇಕು, ಹಾಗಾಗಿ ಆನ್‌ಲೈನ್ ಇದ್ದರೂ ಹಾಸ್ಟೆಲ್‌ನಲ್ಲಿಯೇ ಇರುತ್ತೇನೆ. ಮಧ್ಯಾಹ್ನವಿಡೀ ಒಬ್ಬಳೇ ಕೋಣೆಯಲ್ಲಿ ಪರದೆ ನೋಡುತ್ತಾ ಕುಳಿತುಕೊಳ್ಳುವುದು ಎಂದರೆ ನನಗೆ ಹೆದರಿಕೆ. ಮೊದಲ ವರ್ಷ ಇಲ್ಲಿನ ಊಟ, ಬಿಸಿಲು, ಮಾತಿನ ಧಾಟಿ ಎಲ್ಲವೂ ಹೊಸದಾಗಿದ್ದಾಗ ನನ್ನನ್ನು ನಿಲ್ಲಿಸಿದ್ದು ತರಗತಿಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಯರು.

ಮಹಡಿ ಕೋಣೆ

ಬಿಸಿಲಿನ ಕಾರಣಕ್ಕೆ ಆನ್‌ಲೈನ್ ಎನ್ನುವವರು ನಮ್ಮ ಹಾಸ್ಟೆಲ್‌ನ ಮೇಲಿನ ಮಹಡಿಗೆ ಮಧ್ಯಾಹ್ನ 3 ಗಂಟೆಗೆ ಒಮ್ಮೆ ಬಂದು ನೋಡಬೇಕು. ಬೆಳಗಿನಿಂದ ಕಾದ ಸ್ಲ್ಯಾಬಿನ ಶಾಖವೆಲ್ಲ ಕೋಣೆಯೊಳಗೆ ಇಳಿಯುವ ಹೊತ್ತು ಅದು. ಲೆಕ್ಚರ್ ಹಾಲ್‌ನಲ್ಲಿ ಕೂಲರ್ ಇದೆ, ಜನರೇಟರ್ ಇದೆ. ಹಾಸ್ಟೆಲ್‌ನಲ್ಲಿ ಕರೆಂಟ್ ಹೋದರೆ ಫ್ಯಾನೂ ಇಲ್ಲ, ವೈಫೈಯೂ ಇಲ್ಲ. ಹತ್ತು ನಿಮಿಷದ ನಡಿಗೆಯನ್ನು ತಪ್ಪಿಸಲು ಮೂರು ಗಂಟೆ ಬೇಯಬೇಕೇ?

ಭೀಮಾತೀರ

ಇದು ಮುಖ್ಯವಾದ ಮಾತು. ನಮ್ಮ ಸಭೆಯಲ್ಲಿ ಇದನ್ನು ಯಾರೂ ಎತ್ತಿರಲಿಲ್ಲ.

ಮೈಕ್ರೊ ಮೇಷ್ಟ್ರು (ಅಧ್ಯಾಪಕ)

ಶರಣು. ನಾನು ನಿಮ್ಮ ಕಾಲೇಜಿನವನಲ್ಲ, ಆದರೆ ಇದೇ ಭಾಗದಲ್ಲಿ ಮೈಕ್ರೊಬಯಾಲಜಿ ಕಲಿಸುತ್ತೇನೆ. ಶಿಕ್ಷಕರ ಕಡೆಯಿಂದ ಎರಡು ಮಾತು ಹೇಳಬೇಕು.

ಆನ್‌ಲೈನ್‌ನಲ್ಲಿ ನನಗೆ ಕಾಣುತ್ತಿದ್ದದ್ದು ಹೆಸರಿನ ಮೊದಲಕ್ಷರವಿರುವ ಕಪ್ಪು ಚೌಕಗಳು. ತರಗತಿಯಲ್ಲಿ ಹಾಗಲ್ಲ, ಕಾಂಪ್ಲಿಮೆಂಟ್ ವ್ಯವಸ್ಥೆಯ (ಸೋಂಕಿನ ವಿರುದ್ಧ ಹೋರಾಡುವ ರಕ್ತದ ಪ್ರೋಟೀನುಗಳ) ಪಾಠ ಮಾಡುವಾಗ ಎಲ್ಲಿ ಪೆನ್ನು ನಿಂತಿತು, ಎಲ್ಲಿ ಹುಬ್ಬು ಗಂಟಾಯಿತು ಎಂಬುದು ಕಾಣುತ್ತದೆ. ಅಲ್ಲಿ ನಿಂತು ಮತ್ತೊಮ್ಮೆ ಬೇರೆ ರೀತಿಯಲ್ಲಿ ಹೇಳುತ್ತೇನೆ. ಪರದೆಯಲ್ಲಿ ಅರ್ಥವಾಯಿತೇ ಎಂದು ಕೇಳಿದರೆ ಎಲ್ಲರೂ ಹೌದು ಎಂದು ಟೈಪ್ ಮಾಡುತ್ತಾರೆ.

ಎರಡನೆಯದಾಗಿ, ಥಿಯರಿ ಮತ್ತು ಪ್ರಾಕ್ಟಿಕಲ್ ಎಂದು ನೀವು ಎಳೆಯುತ್ತಿರುವ ಗೆರೆ ಅಷ್ಟು ಸರಳವಾಗಿಲ್ಲ. ಬ್ಯಾಕ್ಟೀರಿಯಾಗಳನ್ನು ಗುರುತಿಸಲು ಬಣ್ಣ ಹಾಕುವ ಗ್ರಾಂ ಸ್ಟೇನ್ ವಿಧಾನವನ್ನು ವಿಡಿಯೊ ನೋಡಿ ಎಲ್ಲರೂ ಕ್ರಮವಾಗಿ ಹೇಳುತ್ತಾರೆ. ಸ್ಲೈಡ್ ಕೈಗೆ ಕೊಟ್ಟರೆ ಬಣ್ಣ ತೆಗೆಯುವ ಹಂತದಲ್ಲಿ ಕೆಲವು ಸೆಕೆಂಡ್ ಹೆಚ್ಚು ಬಿಟ್ಟುಬಿಡುತ್ತಾರೆ, ನೇರಳೆಯಾಗಿ ಉಳಿಯಬೇಕಾದ ಬ್ಯಾಕ್ಟೀರಿಯಾ ಗುಲಾಬಿಯಾಗಿ ಕಾಣುತ್ತವೆ. ಆಗ ಏಕೆ ಹೀಗಾಯಿತು ಎಂಬ ಪ್ರಶ್ನೆ ಹುಟ್ಟುತ್ತದೆ, ಜೀವಕೋಶದ ಗೋಡೆಯ ಥಿಯರಿ ನಿಜವಾಗಿ ತಲೆಗೆ ಹೋಗುವುದು ಆಗ. ಆ ಪ್ರಶ್ನೆಯನ್ನು ಮರುದಿನ ಹಾಲ್‌ನಲ್ಲಿ ನನ್ನನ್ನು ಹಿಡಿದು ಕೇಳುತ್ತಾರೆ. ರೆಕಾರ್ಡಿಂಗನ್ನು ಯಾರು ಹಿಡಿದು ಕೇಳುವುದು?

ಹಿಂದಿನ ಬೆಂಚು

ಸರ್, ನಿಮ್ಮಂತಹ ಶಿಕ್ಷಕರಿದ್ದರೆ ನಾನು ಮೊದಲ ಸಾಲಿನಲ್ಲಿ ಕೂರುತ್ತೇನೆ. ಆದರೆ ಬಹಳ ಕಡೆ ಸ್ಲೈಡ್ ಓದುವುದೇ ಪಾಠವಾಗಿದೆ, ಪ್ರಶ್ನೆ ಕೇಳಿದರೆ ಆಮೇಲೆ ಬಾ ಎನ್ನುತ್ತಾರೆ. ಉಪನ್ಯಾಸಗಳು ಒಟ್ಟು ಬೋಧನಾ ಸಮಯದ ಮೂರನೇ ಒಂದು ಭಾಗ ಮೀರಬಾರದು, ಉಳಿದದ್ದೆಲ್ಲ ಚರ್ಚೆ, ಸಣ್ಣ ಗುಂಪು, ಪ್ರಾಕ್ಟಿಕಲ್, ಕ್ಲಿನಿಕಲ್ ಆಗಿರಬೇಕು ಎಂದು 2019ರ ವೈದ್ಯಕೀಯ ಶಿಕ್ಷಣದ ನಿಯಮಾವಳಿಯಲ್ಲಿಯೇ ಇದೆ. ಅದು ವೇಳಾಪಟ್ಟಿಯಲ್ಲಿ ಮಾತ್ರ ಕಾಣುತ್ತದೆ. ಸಣ್ಣ ಗುಂಪಿನ ಚರ್ಚೆ ಎಂದು ಬರೆದ ಅವಧಿಗೂ 150 ಜನರನ್ನು ಒಟ್ಟಿಗೆ ಕೂರಿಸಿ ಸ್ಲೈಡ್ ಹಾಕುತ್ತಾರೆ. ನನ್ನ ದೂರು ಇರುವುದು ಮುಖಾಮುಖಿ ಎಂಬ ಹೆಸರಿನಲ್ಲಿ ನಡೆಯುವ ಏಕಮುಖ ಪಾಠದ ಮೇಲೆ.

ಮೈಕ್ರೊ ಮೇಷ್ಟ್ರು

ಆ ದೂರು ಸರಿಯಾಗಿದೆ, ಮತ್ತು ಅದನ್ನು ನಿಮ್ಮ ಅಭಿಪ್ರಾಯ ಪತ್ರದಲ್ಲಿ ಬರೆಯಲೇಬೇಕು. ಆದರೆ ಆ ಪಾಠವನ್ನು ಆನ್‌ಲೈನ್‌ಗೆ ಸಾಗಿಸಿದರೆ ಅದೇ ಸ್ಲೈಡ್, ಅದೇ ಓದು ಬರುತ್ತದೆ. ಪ್ರಶ್ನೆ ಕೇಳುವ ಉಳಿದ ಒಂದು ಅವಕಾಶವೂ ಹೋಗುತ್ತದೆ.

ಕ್ಯಾಜುವಾಲ್ಟಿ ರಾತ್ರಿ (ಪಿಜಿ, ಜನರಲ್ ಮೆಡಿಸಿನ್)

ಇಲ್ಲಿನ ಚರ್ಚೆಯನ್ನು ಮೊದಲಿನಿಂದ ಓದಿದೆ. ನಮ್ಮ ಭಾಗದ ಒಂದು ಉದಾಹರಣೆ ಕೊಡುತ್ತೇನೆ, ಏಕೆಂದರೆ ಪರದೆಯಿಂದ ಯಾವುದನ್ನು ಕಲಿಯಬಹುದು, ಯಾವುದನ್ನು ಕಲಿಯಲಾಗದು ಎಂಬುದು ನನಗೆ ಸ್ಪಷ್ಟವಾದದ್ದು ಅಲ್ಲಿ.

ಮಳೆ ಶುರುವಾಗಿ ತೊಗರಿ, ಹತ್ತಿ ಬಿತ್ತನೆಯ ಕೆಲಸ ಹೆಚ್ಚಾದರೆ ಹಾವು ಕಚ್ಚಿದವರು ಕ್ಯಾಜುವಾಲ್ಟಿಗೆ ಬರುತ್ತಲೇ ಇರುತ್ತಾರೆ. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಹಾವಿನ ವಿಷದಿಂದ ರಕ್ತ ಹೆಪ್ಪುಗಟ್ಟುವ ಶಕ್ತಿ ಕೆಟ್ಟಿದೆಯೇ ಎಂದು ನೋಡಲು 20 ನಿಮಿಷದ ಪರೀಕ್ಷೆ ಇದೆ. ಸುಮಾರು 2 ಮಿ.ಲೀ. ರಕ್ತವನ್ನು ಸ್ವಚ್ಛವಾದ, ಒಣಗಿದ ಗಾಜಿನ ಟ್ಯೂಬಿಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು, ಆಮೇಲೆ ಒಮ್ಮೆ ಬಾಗಿಸಿ ನೋಡುವುದು. ಮೂರು ನಿಮಿಷದ ವಿಡಿಯೊ ಇದನ್ನು ಯಾವ ಪ್ರೊಫೆಸರ್‌ಗಿಂತಲೂ ಅಚ್ಚುಕಟ್ಟಾಗಿ ತೋರಿಸುತ್ತದೆ. ಥಿಯರಿ ಆನ್‌ಲೈನ್‌ನಲ್ಲಿ ಸಾಕು ಎನ್ನುವವರ ವಾದ ಇಲ್ಲಿಯವರೆಗೆ ಗಟ್ಟಿಯಾಗಿದೆ.

ಆದರೆ ಕ್ಯಾಜುವಾಲ್ಟಿಯಲ್ಲಿ ಏನಾಗುತ್ತದೆ? ಕೈಗೆ ಸಿಗುವುದು ಪ್ಲಾಸ್ಟಿಕ್ ಟ್ಯೂಬ್, ಅದರಲ್ಲಿ ಮಾಡಿದರೆ ಪರೀಕ್ಷೆ ನಂಬಲರ್ಹವಲ್ಲ. ಗಾಜಿನದು ಸಿಕ್ಕರೂ ಅದನ್ನು ಡಿಟರ್ಜೆಂಟ್ ಹಾಕಿ ತೊಳೆದಿದ್ದರೆ ರಕ್ತ ಹೆಪ್ಪುಗಟ್ಟದೆ ತಪ್ಪು ಫಲಿತಾಂಶ ಬರಬಹುದು. ಮೇಜಿನ ಮೇಲಿಟ್ಟ ಟ್ಯೂಬನ್ನು ರೋಗಿಯ ಅಣ್ಣನೋ ಮಾವನೋ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾರೆ. ಇನ್ನೊಂದು ಕಡೆ, ಬೇಸಿಗೆಯಲ್ಲಿ ನೆಲದ ಮೇಲೆ ಮಲಗಿದ್ದವರಿಗೆ ರಾತ್ರಿ ಕಟ್ಟಿಗೆ ಹಾವು (ಕ್ರೈಟ್, ಇದರ ವಿಷ ನರಗಳಿಗೆ ತಾಗುತ್ತದೆ) ಕಚ್ಚಿದರೆ ಗಾಯವೇ ಕಾಣದಿರಬಹುದು. ಹೊಟ್ಟೆನೋವು ಎಂದುಕೊಂಡು ಬರುತ್ತಾರೆ, ರಕ್ತ ಸರಿಯಾಗಿಯೇ ಹೆಪ್ಪುಗಟ್ಟುತ್ತದೆ. ಮೇಲೆ ನೋಡಿ ಎಂದು ಹೇಳಿ ರೆಪ್ಪೆ ಜೋತು ಬೀಳುತ್ತಿದೆಯೇ ಎಂದು ನೋಡುವ ಅಭ್ಯಾಸ ಕಣ್ಣಿಗೆ ಆಗಿರದಿದ್ದರೆ ವಿಡಿಯೊ ನೂರು ಸಲ ನೋಡಿದ್ದರೂ ಆ ರೋಗಿಗೆ ಪ್ರಯೋಜನವಿಲ್ಲ. ಜೊತೆಗೆ ನಮ್ಮ ವಾರ್ಡ್‌ಗಳಲ್ಲಿ ರೋಗಿಗಳು ಕನ್ನಡ, ಉರ್ದು, ತೆಲುಗು, ಮರಾಠಿ, ಲಂಬಾಣಿ ಮಾತನಾಡುತ್ತಾರೆ. ಹಿಸ್ಟರಿ (ಕಾಯಿಲೆಯ ಹಿನ್ನೆಲೆ) ಕೇಳಿ ತೆಗೆಯುವುದನ್ನು ಅವರ ಹಾಸಿಗೆಯ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಪಟ್ಟಿ ನೋಡಿದವನು

ಸರ್, ಕ್ಲಿನಿಕಲ್ ಆನ್‌ಲೈನ್ ಆಗಲಿ ಎಂದು ಇಲ್ಲಿ ಯಾರೂ ಕೇಳಿಲ್ಲ. ಪ್ರಶ್ನೆ ಇರುವುದು ಮಧ್ಯಾಹ್ನದ ಥಿಯರಿಯ ಬಗ್ಗೆ.

ಕ್ಯಾಜುವಾಲ್ಟಿ ರಾತ್ರಿ

ಒಪ್ಪುತ್ತೇನೆ, ಆದರೆ ನನ್ನ ಮಾತು ಇನ್ನೂ ಮುಗಿದಿಲ್ಲ. ಆ ವಿಡಿಯೊವನ್ನು ನೀವು ಹಿಂದಿನ ರಾತ್ರಿಯೇ ನೋಡಿಕೊಂಡು ಬಂದರೆ, ಮರುದಿನದ ತರಗತಿಯ ಒಂದು ಗಂಟೆಯನ್ನು ಪ್ಲಾಸ್ಟಿಕ್ ಟ್ಯೂಬ್ ಏಕೆ ಬೇಡ, ಫಲಿತಾಂಶದ ಬಗ್ಗೆ ಅನುಮಾನ ಬಂದರೆ ಏನು ಮಾಡಬೇಕು, ಆ್ಯಂಟಿವೆನಮ್ (ಹಾವಿನ ವಿಷಕ್ಕೆ ಕೊಡುವ ಮದ್ದು) ಯಾವಾಗ ಶುರು ಮಾಡಬೇಕು ಎಂಬ ಚರ್ಚೆಗೆ ಇಡಬಹುದು. ರೆಕಾರ್ಡಿಂಗ್ ಮತ್ತು ತರಗತಿ ಎರಡೂ ಬೇಕು ಎನ್ನುವುದು ನನ್ನ ವಾದ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸುವುದಕ್ಕೆ ನಾನು ವಿರುದ್ಧ.

ಹಾಗೆಯೇ, ಯಾರೂ ಪ್ರಸ್ತಾಪಿಸದ ಇನ್ನೊಂದು ವಿಷಯವಿದೆ. ತರಗತಿಗಳು ರೆಕಾರ್ಡ್ ಆಗಲು ಶುರುವಾದರೆ ಪಾಠದ ನಡುವೆ ರೋಗಿಗಳ ಫೋಟೊ, ಎಕ್ಸ್‌ರೇ, ಕೇಸ್ ವಿವರ ಬರುತ್ತವೆ, ಆ ಫೈಲು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತದೆ. ರೋಗಿಯ ಮುಖ ಮತ್ತು ಹೆಸರು ಕಾಣದಂತೆ ನೋಡಿಕೊಳ್ಳಬೇಕು, ಅವರ ಒಪ್ಪಿಗೆ ಇರಬೇಕು. ಚಿಂಚೋಳಿಯಿಂದಲೋ ಶಹಾಪುರದಿಂದಲೋ ಬಂದು ನಮ್ಮನ್ನು ನಂಬಿ ಅಂಗಿ ಬಿಚ್ಚಿ ಮಲಗಿದ ಮನುಷ್ಯನಿಗೆ ಅಷ್ಟು ಮರ್ಯಾದೆ ಸಲ್ಲಬೇಕು.

ಯಾದಗಿರಿ ಪಾಲಕ

ನಾನು ವೈದ್ಯನಲ್ಲ, ನನ್ನ ಮಗ ಓದುತ್ತಿದ್ದಾನೆ. ಪಾಲಕರ ಅಳುಕು ಏನೆಂದು ಹೇಳಬೇಕೆನಿಸಿತು. ನಮ್ಮ ಸಂಬಂಧಿಕರ ಹುಡುಗನೊಬ್ಬ 2022ರಲ್ಲಿ ಯುದ್ಧ ಶುರುವಾದಾಗ ಉಕ್ರೇನ್‌ನಿಂದ ಹಿಂದಿರುಗಿದವನು. ಅವನ ವಿಶ್ವವಿದ್ಯಾಲಯ ಆನ್‌ಲೈನ್‌ನಲ್ಲಿ ಪಾಠ ಮುಂದುವರಿಸಿತು, ಅವನೂ ಮನೆಯಲ್ಲಿ ಕುಳಿತು ಶ್ರದ್ಧೆಯಿಂದ ಕೇಳಿದ. ಆದರೆ ಬರೀ ಆನ್‌ಲೈನ್‌ನಲ್ಲಿ ಕಲಿತ ವೈದ್ಯ ಪದವಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ ಒಪ್ಪುವುದಿಲ್ಲ ಎಂದು ತಿಳಿದಾಗ ಆ ಮನೆಯವರು ಪಟ್ಟ ಸಂಕಟವನ್ನು ಕಣ್ಣಾರೆ ಕಂಡಿದ್ದೇನೆ. ಎರಡು ತಿಂಗಳ ಥಿಯರಿಗೂ ಅದಕ್ಕೂ ಹೋಲಿಕೆಯಿಲ್ಲ ಎಂದು ನನಗೂ ಗೊತ್ತು. ಆದರೂ ಆನ್‌ಲೈನ್ ಎಂಬ ಮಾತು ಕೇಳಿದರೆ ನಮ್ಮಂತಹವರಿಗೆ ಮೊದಲು ನೆನಪಾಗುವುದು ಅದೇ.

ಹಿಂದಿನ ಬೆಂಚು

ಅಂಕಲ್, ನಿಮ್ಮ ಆತಂಕ ಸಹಜವಾದದ್ದು. ಆದರೆ ಅಂತಹ ಹೆದರಿಕೆಯಿಂದ ನಮ್ಮ ಕಾಲೇಜುಗಳು ಒಂದು ರೆಕಾರ್ಡಿಂಗನ್ನೂ ಕೊಡದೆ ಕುಳಿತುಬಿಟ್ಟರೆ ಹಣವಿದ್ದವರು ಆ್ಯಪ್ ಕೊಳ್ಳುತ್ತಾರೆ, ಇಲ್ಲದವರು ಬೇರೆಯವರ ಪಾಸ್‌ವರ್ಡ್ ಕೇಳಿಕೊಂಡು ತಿರುಗುತ್ತಾರೆ. ತರಗತಿ ಎಲ್ಲಿಯೇ ನಡೆಯಲಿ, ರೆಕಾರ್ಡಿಂಗ್ ಎಲ್ಲ ವಿದ್ಯಾರ್ಥಿಗಳಿಗೂ ಸಿಗಬೇಕು ಎಂಬ ಬೇಡಿಕೆಯನ್ನು ನಾನು ಬಿಡುವುದಿಲ್ಲ.

ಸಗರನಾಡು

ಈ ಬೇಡಿಕೆಗೆ ನನ್ನ ಸಹಿ ಇದೆ.

ಮಹಡಿ ಕೋಣೆ

ಮೂಲ ಸಮಸ್ಯೆ ಬಿಸಿಲು ಎಂದಾದರೆ ಗಡಿಯಾರವನ್ನೇ ಏಕೆ ಬದಲಿಸಬಾರದು? ಸರ್ಕಾರಿ ಕಚೇರಿಗಳು ಮಾಡುವುದು ಅದನ್ನೇ. ಬೆಳಿಗ್ಗೆ 7ರಿಂದ 9ರವರೆಗೆ ಎರಡು ಥಿಯರಿ, ಆಮೇಲೆ ಪೋಸ್ಟಿಂಗ್. ಪ್ರಾಕ್ಟಿಕಲ್ ಇಲ್ಲದ ದಿನ ಊಟದ ಹೊತ್ತಿಗೆ ಎಲ್ಲವೂ ಮುಗಿಯುತ್ತದೆ.

ಪಟ್ಟಿ ನೋಡಿದವನು

ಹಾಸ್ಟೆಲ್‌ನವರಿಗೆ ಇದು ಸುಲಭ. ನಾನು ಶಹಾಬಾದ್‌ನಿಂದ ದಿನವೂ ಓಡಾಡುತ್ತೇನೆ, 7 ಗಂಟೆಗೆ ತರಗತಿಯಲ್ಲಿರಬೇಕಾದರೆ ಕತ್ತಲಲ್ಲೇ ಮನೆ ಬಿಡಬೇಕು.

ಭೀಮಾತೀರ

ಅಣ್ಣ, ನಿಮ್ಮಂತೆ ಹೊರಗಿನಿಂದ ಬರುವವರಿಗೆ ಆ ಎರಡು ತಿಂಗಳು ಮಾತ್ರ ಹಾಸ್ಟೆಲ್‌ನಲ್ಲಿ ಜಾಗ ಕೊಡಲು ಸಾಧ್ಯವೇ ಎಂದು ಕೇಳುತ್ತೇನೆ. ಸಾಧ್ಯವಿಲ್ಲವೆಂದರೆ 7ರ ತರಗತಿಗೆ ಮಾತ್ರ ನಿಮಗೆ ಆನ್‌ಲೈನ್ ಲಿಂಕ್ ಕೊಟ್ಟು ಅದರ ಹಾಜರಾತಿಯನ್ನು ಪರಿಗಣಿಸಬೇಕೆಂದು ಬರೆಯೋಣವೇ?

ಪಟ್ಟಿ ನೋಡಿದವನು

ಅದು ಲಿಖಿತವಾಗಿ ಸಿಗುವುದಾದರೆ ಒಪ್ಪುತ್ತೇನೆ. ಬಾಯಿ ಮಾತಿನ ಭರವಸೆಗೆ ಒಪ್ಪುವುದಿಲ್ಲ.

ಮೈಕ್ರೊ ಮೇಷ್ಟ್ರು

7 ಗಂಟೆಗೆ ಪಾಠ ಮಾಡಲು ನನ್ನಂತಹ ಅನೇಕರಿಗೆ ತೊಂದರೆ ಇಲ್ಲ. ಬೆಳಗಿನ ತಲೆಗೆ ಇಮ್ಯುನಾಲಜಿ ಹತ್ತುವಷ್ಟು ಮಧ್ಯಾಹ್ನದ ತಲೆಗೆ ಹತ್ತುವುದಿಲ್ಲ. ಸಣ್ಣ ಮಕ್ಕಳಿರುವ ಸಹೋದ್ಯೋಗಿಗಳಿಗೆ ಕಷ್ಟವಾಗಬಹುದು, ಅವರಿಗೆ 8ರ ಅವಧಿ ಕೊಡುವುದು ಇಲಾಖೆಗಳೊಳಗೇ ಹೊಂದಿಸಿಕೊಳ್ಳಬಹುದಾದ ವಿಷಯ. ಆದರೆ ಮೆಸ್‌ನಲ್ಲಿ ತಿಂಡಿ ಎಷ್ಟು ಹೊತ್ತಿಗೆ ಸಿಗುತ್ತದೆ? ಹಸಿದ ಹೊಟ್ಟೆಯಲ್ಲಿ ಎರಡು ತರಗತಿ ಮುಗಿಸಿ ಹಾಗೆಯೇ ವಾರ್ಡ್‌ಗೆ ಹೋಗಿ ನಿಂತರೆ ಮಕ್ಕಳು ತಲೆ ಸುತ್ತಿ ಬೀಳುತ್ತಾರೆ, ಮೇ ತಿಂಗಳಲ್ಲಂತೂ ಖಂಡಿತ.

ಮೈಸೂರಿನಿಂದ ಬಂದವಳು

ನಮ್ಮ ಮೆಸ್ ತೆರೆಯುವುದೇ 7.30ಕ್ಕೆ ಸರ್.

ಭೀಮಾತೀರ

ನಾಳೆ ವಾರ್ಡನ್ ಅವರನ್ನು ಭೇಟಿಯಾಗಿ 6.15ಕ್ಕೆ ತಿಂಡಿ ಕೊಡಲು ಸಾಧ್ಯವೇ ಎಂದು ಕೇಳುತ್ತೇನೆ. ಸಗರನಾಡು, ನೀವೂ ಹುಡುಗಿಯರ ಹಾಸ್ಟೆಲ್‌ನಲ್ಲಿ ಅದನ್ನೇ ಕೇಳಿ. ಅವರ ಉತ್ತರ ತಿಳಿಯುವವರೆಗೆ ಪತ್ರ ಕೊಡುವುದಿಲ್ಲ.